ಎಂಬೆಡೆಡ್ ಲಿನಕ್ಸ್‌ನಲ್ಲಿ ಲಾಗಿನ್ ಮತ್ತು ಬಳಕೆದಾರರ ಖಾತೆ: ಬಿಝಿಬಾಕ್ಸ್‌ನಿಂದ ಶುರು ಮಾಡಿ ಪೂರ್ತಿ ಹೊಂದಿಸುವುದು ಹೇಗೆ?

ಬೋರ್ಡ್‌ಗೆ ಹೊಸ ಇಮೇಜ್ (ಪೂರ್ತಿ ಸಿಸ್ಟಮ್ ಅಡಗಿರುವ ಫೈಲ್) ಹಾಕಿದ್ದೀರಿ. ಕರ್ನಲ್ ಸಂದೇಶಗಳು ಸರಸರ ಓಡಿದವು. ಕೊನೆಗೆ ಲಾಗಿನ್ ಎಂದು ಕೇಳಿತು. ರೂಟ್ (ಎಲ್ಲ ಅಧಿಕಾರ ಇರುವ ಮುಖ್ಯ ಖಾತೆ) ಎಂದು ಟೈಪ್ ಮಾಡಿ, ನೀವೇ ಇಟ್ಟ ಪಾಸ್‌ವರ್ಡ್ ಕೊಟ್ಟಿರಿ. ಬಂದ ಉತ್ತರ 'ಲಾಗಿನ್ ಇನ್‌ಕರೆಕ್ಟ್'. ನಿಧಾನವಾಗಿ, ಒಂದೊಂದೇ ಕೀ ನೋಡಿಕೊಂಡು ಮತ್ತೆ ಕೊಟ್ಟಿರಿ. ಮತ್ತೆ ಅದೇ.

ಈ ಒಂದು ಸಾಲಿನ ಹಿಂದೆ ಐದಾರು ಕಾರಣ ಇರಬಹುದು. ಪಾಸ್‌ವರ್ಡ್ ತಪ್ಪಿರುವುದು ಅವುಗಳಲ್ಲಿ ಒಂದು ಮಾತ್ರ. ಲ್ಯಾಪ್‌ಟಾಪಿನ ಲಿನಕ್ಸ್‌ನಲ್ಲಿ ಇದನ್ನೆಲ್ಲ ಬೇರೆ ಯಾರೋ ಮೊದಲೇ ಹೊಂದಿಸಿ ಕೊಟ್ಟಿರುತ್ತಾರೆ. ಎಂಬೆಡೆಡ್ ಸಿಸ್ಟಮ್‌ನಲ್ಲಿ, ಅಂದರೆ ರೂಟರ್, ಕ್ಯಾಮೆರಾದಂಥ ಸಾಧನಗಳ ಒಳಗಿನ ಕಂಪ್ಯೂಟರಿನಲ್ಲಿ, ಹಾಗಲ್ಲ. ಯಾವ ಪ್ರೋಗ್ರಾಂ ಇರಬೇಕು, ಪಾಸ್‌ವರ್ಡ್ ಯಾವ ರೂಪದಲ್ಲಿರಬೇಕು, ಅದು ಎಲ್ಲಿ ಉಳಿಯಬೇಕು, ಎಲ್ಲವೂ ನಿಮ್ಮ ತೀರ್ಮಾನ. ಒಂದು ಕಡೆ ಕೊಂಡಿ ತಪ್ಪಿದರೂ ಬಾಗಿಲು ತೆರೆಯುವುದಿಲ್ಲ. ಅಥವಾ, ಅದಕ್ಕಿಂತ ಕೆಟ್ಟದಾಗಿ, ಎಲ್ಲರಿಗೂ ತೆರೆದುಕೊಳ್ಳುತ್ತದೆ.

ಕೊಂಡಿಗಳ ಸಾಲು ಹೀಗಿದೆ. ಕರ್ನಲ್ ಮೊದಲು ಇನಿಟ್ ಅನ್ನು ಓಡಿಸುತ್ತದೆ. ಇನಿಟ್, ಗೆಟ್ಟಿ ಎಂಬ ಪ್ರೋಗ್ರಾಂ ಅನ್ನು ಎಬ್ಬಿಸುತ್ತದೆ. ಗೆಟ್ಟಿ ಸೀರಿಯಲ್ ಪೋರ್ಟ್ ತೆರೆದು ಹೆಸರು ಕೇಳಿ, ಆ ಹೆಸರನ್ನು ಲಾಗಿನ್ ಪ್ರೋಗ್ರಾಂಗೆ ಕೊಡುತ್ತದೆ. ಲಾಗಿನ್ ಪಾಸ್‌ವರ್ಡ್ ಕೇಳಿ, ಹ್ಯಾಶ್ ಮಾಡಿ (ಮೂಲ ಪಾಸ್‌ವರ್ಡ್ ಮರಳಿ ತೆಗೆಯಲಾಗದಂಥ ಅಕ್ಷರಗಳ ಸಾಲಾಗಿ ಬದಲಿಸಿ), ಫೈಲಿನಲ್ಲಿರುವುದಕ್ಕೆ ಹೋಲಿಸಿ, ಸರಿಯಿದ್ದರೆ ಶೆಲ್ (ಕಮಾಂಡ್‌ಗಳನ್ನು ಓದಿ ನಡೆಸುವ ಪ್ರೋಗ್ರಾಂ) ಓಡಿಸುತ್ತದೆ. ಈ ಸಾಲು ತಲೆಯಲ್ಲಿ ಕೂತರೆ ಮುಂದಿನದೆಲ್ಲ ಸುಲಭ.

ಉದಾಹರಣೆಗೆ ನಾನು ಬೀಗಲ್‌ಬೋನ್ ಬ್ಲ್ಯಾಕ್ ಬೋರ್ಡ್ ಇಟ್ಟುಕೊಂಡಿದ್ದೇನೆ. ಅದರ 6 ಪಿನ್ನಿನ ಸೀರಿಯಲ್ ಹೆಡರ್‌ಗೆ 3.3 ವೋಲ್ಟ್‌ನ ಯುಎಸ್‌ಬಿ ಸೀರಿಯಲ್ ಕೇಬಲ್ ಬೇಕು. 5 ವೋಲ್ಟ್ ಕೇಬಲ್ ಹಾಕಬೇಡಿ, ಚಿಪ್ ಹಾಳಾಗಬಹುದು. ಬೇರೆ ಬೋರ್ಡ್ ಇದ್ದರೂ ಚಿಂತೆಯಿಲ್ಲ, ಪೋರ್ಟಿನ ಹೆಸರಷ್ಟೇ ಬದಲಾಗುತ್ತದೆ.

ಇನ್ನೊಂದು ಮಾತು. ಕಮಾಂಡ್, ಫೈಲ್ ಹೆಸರುಗಳನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಬಳಸಿ. ದೊಡ್ಡಕ್ಷರ ಬೇಕಾದಲ್ಲಿ ಹೇಳುತ್ತೇನೆ. 'ಪಾಸ್‌ಡಬ್ಲ್ಯೂಡಿ' ಎಂದರೆ ಪಾಸ್‌ವರ್ಡ್ ಎಂಬ ಪದದಿಂದ ಒ ಮತ್ತು ಆರ್ ತೆಗೆದು ಬರೆಯುವ ಯುನಿಕ್ಸ್‌ನ ಹಳೆಯ ಹೆಸರು.

ಹೆಜ್ಜೆ 1: ಬಿಝಿಬಾಕ್ಸ್‌ನಲ್ಲಿ ಏನೇನು ಬೇಕು?

ಬಿಝಿಬಾಕ್ಸ್ ಶುರುವಾಗಿದ್ದು 1995ರಲ್ಲಿ. ಬ್ರೂಸ್ ಪೆರೆನ್ಸ್ ಡೆಬಿಯನ್‌ಗಾಗಿ ಒಂದೇ ಫ್ಲಾಪಿಯಲ್ಲಿ ಹಿಡಿಯುವ ಸಿಸ್ಟಮ್ ಮಾಡಲು ಇದನ್ನು ಬರೆದರು. ನೂರಾರು ಕಮಾಂಡ್‌ಗಳು ಒಂದೇ ಫೈಲಿನಲ್ಲಿ ಇರುತ್ತವೆ. ಪ್ರತಿ ಕಮಾಂಡಿನ ಹೆಸರೂ ಆ ಫೈಲಿಗೆ ತೋರುವ ಒಂದು ಲಿಂಕ್ ಅಷ್ಟೇ.

ಸೋರ್ಸ್ ಫೋಲ್ಡರಿನಲ್ಲಿ ಮೊದಲು 'ಮೇಕ್ ಡೆಫ್‌ಕಾನ್ಫಿಗ್', ಆಮೇಲೆ 'ಮೇಕ್ ಮೆನುಕಾನ್ಫಿಗ್' ಕೊಡಿ. ಮೆನುವಿನಲ್ಲಿ 'ಲಾಗಿನ್/ಪಾಸ್‌ವರ್ಡ್ ಮ್ಯಾನೇಜ್‌ಮೆಂಟ್ ಯುಟಿಲಿಟೀಸ್' ಎಂಬ ವಿಭಾಗವಿದೆ. ಗೆಟ್ಟಿ, ಲಾಗಿನ್, ಪಾಸ್‌ಡಬ್ಲ್ಯೂಡಿ, ಎಸ್‌ಯು, ಆಡ್‌ಯೂಸರ್, ಆಡ್‌ಗ್ರೂಪ್, ಸಿಎಚ್‌ಪಾಸ್‌ಡಬ್ಲ್ಯೂಡಿ ಎಲ್ಲ ಇಲ್ಲೇ ಸಿಗುತ್ತವೆ. ಡೆಲ್‌ಯೂಸರ್, ವಿಲಾಕ್ ಮುಂತಾದವು ಉತ್ಪನ್ನದಲ್ಲಿ ಅಪರೂಪಕ್ಕೆ ಬೇಕಾಗುತ್ತವೆ. ಜಾಗ ಕಡಿಮೆಯಿದ್ದರೆ ತೆಗೆಯಿರಿ.

ಈ ವಿಭಾಗದಲ್ಲಿ ಯೋಚಿಸಿ ಆರಿಸಬೇಕಾದ ಆಯ್ಕೆಗಳು ನಾಲ್ಕಿವೆ. ಮೊದಲನೆಯದು ಶ್ಯಾಡೋ ಪಾಸ್‌ವರ್ಡ್ ಬೆಂಬಲ, ಅಂದರೆ ಹ್ಯಾಶ್ ಅನ್ನು ರೂಟ್ ಮಾತ್ರ ಓದಬಲ್ಲ ಶ್ಯಾಡೋ ಎಂಬ ಬೇರೆ ಫೈಲಿನಲ್ಲಿ ಇಡುವುದು. ಇದು ಬೇಕೇ ಬೇಕು. ಪಾಸ್‌ಡಬ್ಲ್ಯೂಡಿ ಫೈಲನ್ನು ಎಲ್ಲರೂ ಓದಬಹುದು, ಹಾಗಾಗಿ ಹ್ಯಾಶ್ ಅಲ್ಲಿರಬಾರದು.

ಎರಡನೆಯದು ಬಿಝಿಬಾಕ್ಸ್‌ನದೇ ಪಾಸ್‌ವರ್ಡ್ ಮತ್ತು ಗ್ರೂಪ್ ಫಂಕ್ಷನ್‌ಗಳು. ಜಿಲಿಬ್‌ಸಿ (ಲಿನಕ್ಸ್‌ನ ಸಿ ಲೈಬ್ರರಿ) ಜೊತೆ ಸ್ಟ್ಯಾಟಿಕ್ ಆಗಿ, ಅಂದರೆ ಲೈಬ್ರರಿಯನ್ನೂ ಅದೇ ಫೈಲಿನೊಳಗೆ ಸೇರಿಸಿ, ಲಿಂಕ್ ಮಾಡುವವರು ಇದನ್ನು ಖಂಡಿತ ಹಾಕಿಕೊಳ್ಳಿ. ಇಲ್ಲದಿದ್ದರೆ ಬಳಕೆದಾರರ ಹೆಸರು ಹುಡುಕಲು ಜಿಲಿಬ್‌ಸಿ ಓಡುವ ಹೊತ್ತಿನಲ್ಲಿ ಎನ್‌ಎಸ್‌ಎಸ್ ಲೈಬ್ರರಿಗಳನ್ನು ಕೇಳುತ್ತದೆ. ಅವು ನಿಮ್ಮ ಇಮೇಜ್‌ನಲ್ಲಿ ಇರುವುದಿಲ್ಲ. ಆಗ ರೂಟ್ ಎಂಬ ಹೆಸರೇ ಗೊತ್ತಿಲ್ಲದ ಸಿಸ್ಟಮ್ ನಿಮ್ಮ ಕೈಯಲ್ಲಿರುತ್ತದೆ.

ಮೂರನೆಯದು ಹ್ಯಾಶ್ ಮಾಡಿಕೊಡುವ, ಬಿಝಿಬಾಕ್ಸ್ ಒಳಗಿನದೇ ಕ್ರಿಪ್ಟ್ ಫಂಕ್ಷನ್, ಅದರ ಕೆಳಗೇ ಇರುವ ಎಸ್‌ಎಚ್‌ಎ-256/512 ಬೆಂಬಲ. ಎರಡನ್ನೂ ಹಾಕಿ. ಜಿಲಿಬ್‌ಸಿಯ 2.39ನೇ ಆವೃತ್ತಿಯಿಂದ ಅದರ ಲಿಬ್‌ಕ್ರಿಪ್ಟ್ ತೆಗೆದುಹಾಕಿದ್ದಾರೆ. ಒಳಗಿನದನ್ನು ಬಳಸಿದರೆ ಆ ಚಿಂತೆಯೇ ಇಲ್ಲ.

ನಾಲ್ಕನೆಯದು ಪಾಸ್‌ವರ್ಡ್‌ನ ಡೀಫಾಲ್ಟ್ ಆಲ್ಗರಿದಂ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಹೆಜ್ಜೆ 2: ಹ್ಯಾಶ್ ಸರಿಯಾಗಿ ಆರಿಸಿ

ಬಿಝಿಬಾಕ್ಸ್‌ನ ಬಹಳಷ್ಟು ಆವೃತ್ತಿಗಳಲ್ಲಿ ಈ ಜಾಗದಲ್ಲಿ 'ಡೆಸ್' ಎಂದು ಇರುತ್ತದೆ. ದಯವಿಟ್ಟು ಅದನ್ನು 'ಎಸ್‌ಎಚ್‌ಎ512' ಎಂದು ಬದಲಿಸಿ. ಡೆಸ್ ವಿಧಾನ ಪಾಸ್‌ವರ್ಡಿನ ಮೊದಲ 8 ಅಕ್ಷರಗಳನ್ನು ಮಾತ್ರ ನೋಡುತ್ತದೆ. ನೀವು 16 ಅಕ್ಷರದ ಗಟ್ಟಿ ಪಾಸ್‌ವರ್ಡ್ ಇಟ್ಟರೂ, ಮೊದಲ 8 ಸರಿಯಿದ್ದು ಉಳಿದದ್ದು ಏನೇ ಇದ್ದರೂ ಒಳಗೆ ಬಿಡುತ್ತದೆ. ಸುಮ್ನೆ ಒಮ್ಮೆ ಪ್ರಯತ್ನಿಸಿ ನೋಡಿ, ನಂಬಿಕೆ ಬರುತ್ತದೆ. ಅದರ ಸಾಲ್ಟ್ (ಹ್ಯಾಶ್ ಮಾಡುವಾಗ ಪಾಸ್‌ವರ್ಡ್ ಜೊತೆ ಬೆರೆಸುವ ಯಾದೃಚ್ಛಿಕ ಅಂಶ) ಬರೀ 12 ಬಿಟ್, ಅಂದರೆ 4096 ಸಾಧ್ಯತೆಗಳು. ಇವತ್ತಿನ ಕಂಪ್ಯೂಟರಿಗೆ ಅದು ಲೆಕ್ಕಕ್ಕೇ ಇಲ್ಲ.

ಹ್ಯಾಶ್ ನೋಡಿದ ಕೂಡಲೇ ಅದು ಯಾವ ಜಾತಿಯದು ಎಂದು ಗುರುತಿಸುವುದನ್ನು ಕಲಿಯಿರಿ. $1$ ಎಂದು ಶುರುವಾದರೆ ಎಂಡಿ5. $5$ ಆದರೆ ಎಸ್‌ಎಚ್‌ಎ-256. $6$ ಆದರೆ ಎಸ್‌ಎಚ್‌ಎ-512. ಡಾಲರ್ ಚಿಹ್ನೆಯೇ ಇಲ್ಲದೆ ಬರೀ 13 ಅಕ್ಷರ ಇದ್ದರೆ ಅದು ಡೆಸ್.

ಇನ್ನೂ ಒಂದಿದೆ: ಎರಡು ಡಾಲರ್‌ಗಳ ನಡುವೆ ಇಂಗ್ಲಿಷಿನ ವೈ ಅಕ್ಷರ ಇದ್ದರೆ ಅದು ಯೆಸ್‌ಕ್ರಿಪ್ಟ್. ಡೆಬಿಯನ್ 11ರಿಂದ ಈಚೆಗೆ ಲ್ಯಾಪ್‌ಟಾಪಿನಲ್ಲಿ ಪಾಸ್‌ವರ್ಡ್ ಇಟ್ಟರೆ ಇದೇ ಬರುತ್ತದೆ. ಲ್ಯಾಪ್‌ಟಾಪಿನ ಶ್ಯಾಡೋ ಫೈಲಿನಿಂದ ಆ ಸಾಲನ್ನು ನಕಲು ಮಾಡಿ ಬೋರ್ಡಿಗೆ ಹಾಕಿದರೆ ಬಿಝಿಬಾಕ್ಸ್‌ನ ಬಳಕೆಯಲ್ಲಿರುವ ಬಹಳಷ್ಟು ಆವೃತ್ತಿಗಳಿಗೆ ಅದು ಅರ್ಥವೇ ಆಗುವುದಿಲ್ಲ. ಪಾಸ್‌ವರ್ಡ್ ಸರಿಯಾಗಿಯೇ ಇರುತ್ತದೆ, ಆದರೂ ಲಾಗಿನ್ ಇನ್‌ಕರೆಕ್ಟ್.

ಸರಿಯಾದ ದಾರಿ: ಬೋರ್ಡಿನ ಬಿಝಿಬಾಕ್ಸ್‌ನಲ್ಲೇ 'ಕ್ರಿಪ್ಟ್‌ಪಿಡಬ್ಲ್ಯೂ -ಎಂ ಎಸ್‌ಎಚ್‌ಎ512' ಕೊಟ್ಟು ಹ್ಯಾಶ್ ಮಾಡಿಕೊಳ್ಳಿ. ಪಾಸ್‌ವರ್ಡನ್ನು ಅದೇ ಸಾಲಿನಲ್ಲಿ ಬರೆಯಬೇಡಿ, ಶೆಲ್ ಹಿಸ್ಟರಿಯಲ್ಲಿ ಉಳಿದುಬಿಡುತ್ತದೆ. ಕಮಾಂಡ್ ಕೊಟ್ಟ ಮೇಲೆ ಅದೇ ಕೇಳುತ್ತದೆ.

ಹೆಜ್ಜೆ 3: ಮೂರು ಫೈಲುಗಳು

ಇಟಿಸಿ ಫೋಲ್ಡರಿನಲ್ಲಿ ಪಾಸ್‌ಡಬ್ಲ್ಯೂಡಿ, ಶ್ಯಾಡೋ, ಗ್ರೂಪ್ ಎಂಬ ಮೂರು ಫೈಲುಗಳು ಬೇಕು. ಪಾಸ್‌ಡಬ್ಲ್ಯೂಡಿಯ ಒಂದು ಸಾಲು ಹೀಗಿರುತ್ತದೆ:

ರೂಟ್:ಎಕ್ಸ್:0:0:ರೂಟ್:/ರೂಟ್:/ಬಿನ್/ಎಸ್‌ಎಚ್

ಏಳು ಭಾಗಗಳು. ಎರಡನೆಯ ಭಾಗದ ಎಕ್ಸ್ ಎಂದರೆ 'ಹ್ಯಾಶ್ ಶ್ಯಾಡೋದಲ್ಲಿದೆ' ಎಂದು. ಎಕ್ಸ್ ಇದ್ದು, ಶ್ಯಾಡೋದಲ್ಲಿ ಆ ಹೆಸರಿನ ಸಾಲು ಇಲ್ಲದಿದ್ದರೆ ಯಾವ ಪಾಸ್‌ವರ್ಡೂ ನಡೆಯುವುದಿಲ್ಲ. ಹೆಜ್ಜೆ 1ರಲ್ಲಿ ಶ್ಯಾಡೋ ಬೆಂಬಲ ಹಾಕಲು ಮರೆತಿದ್ದರೂ ಅಷ್ಟೇ.

ಕೊನೆಯ ಭಾಗ ಶೆಲ್. ಲ್ಯಾಪ್‌ಟಾಪಿನಿಂದ ಫೈಲ್ ತಂದವರು ಇಲ್ಲಿ ಬ್ಯಾಶ್ ಎಂದೇ ಬಿಟ್ಟಿರುತ್ತಾರೆ. ಬೋರ್ಡಿನಲ್ಲಿ ಬ್ಯಾಶ್ ಇರುವುದಿಲ್ಲ. ಆಗ ಪಾಸ್‌ವರ್ಡ್ ಒಪ್ಪಿದರೂ, ಒಂದು ಕ್ಷಣ ಏನೋ ಸಂದೇಶ ಮಿಂಚಿ, ಮತ್ತೆ ಲಾಗಿನ್ ಎಂದೇ ಕೇಳುತ್ತದೆ.

ಶ್ಯಾಡೋ ಸಾಲಿಗೆ ಒಂಬತ್ತು ಭಾಗ. ಎರಡನೆಯದು ಹ್ಯಾಶ್. ಅದು ಖಾಲಿ ಇದ್ದರೆ ಪಾಸ್‌ವರ್ಡ್ ಇಲ್ಲದೆ ಒಳಗೆ ಬಿಡುತ್ತದೆ. ಉತ್ಪನ್ನದಲ್ಲಿ ಹೀಗೆ ಯಾವತ್ತೂ ಬಿಡಬೇಡಿ. ನಕ್ಷತ್ರ ಅಥವಾ ಆಶ್ಚರ್ಯ ಚಿಹ್ನೆ ಇದ್ದರೆ ಪಾಸ್‌ವರ್ಡಿನಿಂದ ಒಳಗೆ ಬರಲಾಗದು. ಇವೆರಡಕ್ಕೂ ಒಂದು ವ್ಯತ್ಯಾಸವಿದೆ, ಎಸ್‌ಎಸ್‌ಎಚ್ ಹೆಜ್ಜೆಯಲ್ಲಿ ಹೇಳುತ್ತೇನೆ.

ಮೂರನೆಯ ಭಾಗದಲ್ಲಿ ಪಾಸ್‌ವರ್ಡ್ ಬದಲಿಸಿದ ದಿನ ಇರುತ್ತದೆ, 1970ರ ಜನವರಿ 1ರಿಂದ ಎಣಿಸಿದ ದಿನಗಳ ಲೆಕ್ಕದಲ್ಲಿ. ಬ್ಯಾಟರಿ ಇರುವ ಗಡಿಯಾರ ಇಲ್ಲದ ಬೋರ್ಡ್ ಏಳುವಾಗ ಎಷ್ಟೋ ಸಲ 1970ರಲ್ಲೇ ಇರುತ್ತದೆ. ಆಗ ಪಾಸ್‌ವರ್ಡ್ ಬದಲಿಸಿದರೆ ಅಲ್ಲಿ 0 ಬರೆಯಲಾಗುತ್ತದೆ. 0 ಎಂದರೆ 'ಮುಂದಿನ ಲಾಗಿನ್‌ನಲ್ಲಿ ಪಾಸ್‌ವರ್ಡ್ ಬದಲಿಸಲೇಬೇಕು' ಎಂದು ಅರ್ಥ. ಬಿಝಿಬಾಕ್ಸ್‌ನ ಲಾಗಿನ್ ಇದನ್ನು ನೋಡುವುದಿಲ್ಲ. ಆದರೆ ಪ್ಯಾಮ್ (ಲಾಗಿನ್ ಪರಿಶೀಲಿಸುವ ಬೇರೊಂದು ಲೈಬ್ರರಿ ವ್ಯವಸ್ಥೆ) ಬಳಸುವ ಸಿಸ್ಟಮ್ ನೋಡುತ್ತದೆ. ಸೀರಿಯಲ್‌ನಲ್ಲಿ ಸರಿ, ನೆಟ್‌ವರ್ಕ್‌ನಲ್ಲಿ ತಕರಾರು ಎಂದಾದರೆ ಈ ಭಾಗವನ್ನೂ ಒಮ್ಮೆ ನೋಡಿ.

ಅನುಮತಿಗಳು: ಪಾಸ್‌ಡಬ್ಲ್ಯೂಡಿ ಮತ್ತು ಗ್ರೂಪ್‌ಗೆ 644, ಶ್ಯಾಡೋಗೆ 600. ಮೂರರ ಮಾಲೀಕನೂ ರೂಟ್.

ಹೆಜ್ಜೆ 4: ಇನಿಟ್‌ಟ್ಯಾಬ್ ಮತ್ತು ಗೆಟ್ಟಿ

ಇಟಿಸಿಯಲ್ಲಿ ಇನಿಟ್‌ಟ್ಯಾಬ್ ಫೈಲ್ ಇಲ್ಲದಿದ್ದರೂ ಬಿಝಿಬಾಕ್ಸ್‌ನ ಇನಿಟ್ ನಿಲ್ಲುವುದಿಲ್ಲ. ತನ್ನದೇ ಪಟ್ಟಿ ಬಳಸಿ, ಎಂಟರ್ ಒತ್ತಿ ಎಂದು ಕೇಳುತ್ತದೆ. ಒತ್ತಿದರೆ ರೂಟ್ ಶೆಲ್. ಪಾಸ್‌ವರ್ಡ್ ಇಲ್ಲ, ಹೆಸರೂ ಇಲ್ಲ. ಕಲಿಯುವಾಗ ಇದು ಅನುಕೂಲ. ಆದರೆ ಎಷ್ಟೋ ಉತ್ಪನ್ನಗಳು ಇದೇ ಸ್ಥಿತಿಯಲ್ಲಿ ಮಾರುಕಟ್ಟೆಗೆ ಬಂದಿವೆ. ಹಾಗಾಗಿ ಇನಿಟ್‌ಟ್ಯಾಬ್ ಅನ್ನು ನೀವೇ ಬರೆಯಿರಿ, ಅದರಲ್ಲಿ 'ಆಸ್ಕ್‌ಫಸ್ಟ್' ಎಂಬ ಸಾಲು ಉಳಿಯದಂತೆ ನೋಡಿಕೊಳ್ಳಿ. ಬೇಕಾದ ಸಾಲು ಇದು:

ಟಿಟಿವೈಎಸ್0::ರೆಸ್ಪಾನ್:/ಎಸ್‌ಬಿನ್/ಗೆಟ್ಟಿ -ಎಲ್ ಟಿಟಿವೈಎಸ್0 115200 ವಿಟಿ100

ಪೋರ್ಟ್ ಹೆಸರಿನ ಎಸ್ ದೊಡ್ಡಕ್ಷರ, -ಎಲ್ ಕೂಡ ದೊಡ್ಡಕ್ಷರ. -ಎಲ್ ಎಂದರೆ ಇದು ನೇರ ತಂತಿ, ಮೋಡೆಮ್‌ನ ಕ್ಯಾರಿಯರ್ ಸಿಗ್ನಲ್‌ಗಾಗಿ ಕಾಯಬೇಡ ಎಂದು. ಮೂರೇ ತಂತಿಯ ಕೇಬಲ್‌ನಲ್ಲಿ ಆ ಸಿಗ್ನಲ್ ಬರುವುದೇ ಇಲ್ಲ. ಇದನ್ನು ಬಿಟ್ಟರೆ ಲಾಗಿನ್ ಎಂಬ ಸಾಲು ಕಾಣಿಸದೆ ಕಾಯುತ್ತ ಕೂರಬೇಕಾಗಬಹುದು. ವೇಗದ ಜಾಗದಲ್ಲಿ 0 ಬರೆದರೆ ಕರ್ನಲ್ ಇಟ್ಟ ವೇಗವನ್ನೇ ಗೆಟ್ಟಿ ಉಳಿಸಿಕೊಳ್ಳುತ್ತದೆ. ಒಂದೇ ಇಮೇಜ್ ಹಲವು ಬೋರ್ಡ್‌ಗಳಿಗೆ ಹೋಗುವುದಿದ್ದರೆ ಇದು ಒಳ್ಳೆಯದು. ಪರದೆಯಲ್ಲಿ ಅರ್ಥವಿಲ್ಲದ ಅಕ್ಷರಗಳು ಬಂದರೆ ವೇಗ ಹೊಂದುತ್ತಿಲ್ಲ ಎಂದೇ ತಿಳಿಯಿರಿ.

ಪೋರ್ಟಿನ ಹೆಸರು ಚಿಪ್ ಮೇಲೆ ನಿಂತಿದೆ. ರಾಸ್ಪ್‌ಬೆರಿ ಪೈನ ಪಿಎಲ್011 ಪೋರ್ಟ್‌ಗೆ ಟಿಟಿವೈಎಎಂಎ0 (ಎಎಂಎ ದೊಡ್ಡಕ್ಷರ), ಐ.ಎಂಎಕ್ಸ್ ಚಿಪ್‌ಗಳಿಗೆ ಟಿಟಿವೈಎಂಎಕ್ಸ್‌ಸಿ0, ಝಿಂಕ್‌ಗೆ ಟಿಟಿವೈಪಿಎಸ್0 (ಪಿಎಸ್ ದೊಡ್ಡಕ್ಷರ). ಬೂಟ್ ಆರ್ಗ್ಯುಮೆಂಟ್‌ನ ಕನ್ಸೋಲ್ ಎಂಬಲ್ಲಿ ಯಾವ ಹೆಸರಿದೆಯೋ ಅದನ್ನೇ ಇಲ್ಲೂ ಬಳಸಿ.

ಈಗ ಅತಿ ಜಾಸ್ತಿ ಸಮಯ ತಿನ್ನುವ ಒಂದು ಫೈಲ್: ಸೆಕ್ಯೂರ್‌ಟಿಟಿವೈ. ಬಿಝಿಬಾಕ್ಸ್‌ನಲ್ಲಿ ಅದರ ಬೆಂಬಲ ಹಾಕಿದ್ದು, ಇಟಿಸಿಯಲ್ಲಿ ಆ ಫೈಲ್ ಇದ್ದರೆ, ಅದರಲ್ಲಿ ಬರೆದ ಪೋರ್ಟ್‌ಗಳಲ್ಲಿ ಮಾತ್ರ ರೂಟ್ ಲಾಗಿನ್ ಆಗಬಹುದು. ನಿಮ್ಮ ಪೋರ್ಟ್ ಅದರಲ್ಲಿ ಇಲ್ಲದಿದ್ದರೆ ಮತ್ತೆ ಅದೇ ಲಾಗಿನ್ ಇನ್‌ಕರೆಕ್ಟ್. ಆದರೆ ಒಂದು ಸುಳಿವು ಸಿಗುತ್ತದೆ. ರೂಟ್ ಎಂದು ಕೊಟ್ಟ ಮೇಲೆ ಪಾಸ್‌ವರ್ಡ್ ಕೇಳದೆಯೇ, ಕೆಲವು ಸೆಕೆಂಡ್ ತಡೆದು, ನೇರವಾಗಿ ಇನ್‌ಕರೆಕ್ಟ್ ಎಂದರೆ ಮೊದಲು ನೋಡಬೇಕಾದ್ದು ಈ ಫೈಲನ್ನೇ. ಫೈಲಿನಲ್ಲಿ ಪೋರ್ಟಿನ ಹೆಸರು ಸೇರಿಸಿದರೆ ಮುಗಿಯಿತು.

ಹೆಜ್ಜೆ 5: ಸೆಟ್‌ಯುಐಡಿ

ಎಸ್‌ಯು ಮತ್ತು ಪಾಸ್‌ಡಬ್ಲ್ಯೂಡಿ ಕಮಾಂಡ್‌ಗಳನ್ನು ಸಾಮಾನ್ಯ ಬಳಕೆದಾರ ಓಡಿಸಿದಾಗಲೂ ಅವಕ್ಕೆ ರೂಟ್ ಅಧಿಕಾರ ಬೇಕು. ಅದಕ್ಕಾಗಿ ಬಿಝಿಬಾಕ್ಸ್ ಫೈಲಿನ ಮಾಲೀಕ ರೂಟ್ ಆಗಿರಬೇಕು, ಅನುಮತಿ 4755 ಇರಬೇಕು. ಮೊದಲಿನ 4 ಎಂದರೆ ಸೆಟ್‌ಯುಐಡಿ: ಯಾರೇ ಓಡಿಸಿದರೂ ಮಾಲೀಕನ ಅಧಿಕಾರದಲ್ಲೇ ಓಡು ಎಂದು. ಬೇರೆ ಕಮಾಂಡ್‌ಗಳಿಗೂ ರೂಟ್ ಅಧಿಕಾರ ಸಿಕ್ಕಿಬಿಡುವುದಿಲ್ಲವೇ ಎಂದು ಕೇಳಬಹುದು. ಮೆನುವಿನಲ್ಲಿ ಸೆಟ್‌ಯುಐಡಿ ಬೆಂಬಲ ಹಾಕಿದ್ದರೆ, ಅಗತ್ಯವಿಲ್ಲದ ಕಮಾಂಡ್‌ಗಳಿಗೆ ಬಿಝಿಬಾಕ್ಸ್ ಶುರುವಿನಲ್ಲೇ ಆ ಅಧಿಕಾರ ಬಿಟ್ಟುಬಿಡುತ್ತದೆ.

ಇಲ್ಲಿ ಎಡವುವುದು ಇಮೇಜ್ ಕಟ್ಟುವಾಗ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಸಾಮಾನ್ಯ ಬಳಕೆದಾರರಾಗಿ ಫೈಲ್ ನಕಲು ಮಾಡಿದರೆ ಮಾಲೀಕ ನೀವೇ ಆಗುತ್ತೀರಿ. ಫೇಕ್‌ರೂಟ್ (ಫೈಲುಗಳ ಮಾಲೀಕ ರೂಟ್ ಎಂದು ತೋರಿಸುವ ಉಪಕರಣ) ಒಳಗೆ ಇಮೇಜ್ ಕಟ್ಟಿ. ಬೋರ್ಡಿನಲ್ಲಿ ರೂಟ್ ಫೈಲ್‌ಸಿಸ್ಟಮ್ ಅನ್ನು 'ನೋಸುಯಿಡ್' ಆಯ್ಕೆಯಿಂದ ಮೌಂಟ್ ಮಾಡಿದ್ದರೂ ಇದು ಕೆಲಸ ಮಾಡುವುದಿಲ್ಲ.

ಹೆಜ್ಜೆ 6: ಖಾತೆಗಳನ್ನು ಮಾಡುವುದು

ನನ್ನ ಅಭಿಪ್ರಾಯದಲ್ಲಿ ಒಂದು ಸಣ್ಣ ಉತ್ಪನ್ನಕ್ಕೆ ಮೂರು ಖಾತೆ ಸಾಕು. ರೂಟ್, ಪಾಸ್‌ವರ್ಡ್ ಲಾಕ್ ಆಗಿರಲಿ. ನಿಮ್ಮ ಅಪ್ಲಿಕೇಶನ್ ಓಡುವ ಒಂದು ಸಿಸ್ಟಮ್ ಖಾತೆ, ಅದಕ್ಕೆ ಶೆಲ್ ಬೇಡ. ರಿಪೇರಿಗೆ ಹೋಗುವ ಟೆಕ್ನೀಷಿಯನ್‌ಗೆ ಒಂದು ಖಾತೆ. ಸೀರಿಯಲ್ ಪೋರ್ಟಿನಿಂದ ಮೀಟರ್ ಓದುವ ಅಪ್ಲಿಕೇಶನ್ ಇದೆ ಎನ್ನೋಣ:

ಆಡ್‌ಯೂಸರ್ -ಎಸ್ -ಡಿ -ಎಚ್ -ಎಸ್ /ಬಿನ್/ಫಾಲ್ಸ್ -ಜಿ ಡಯಲ್‌ಔಟ್ ಮೀಟರ್

ಮೊದಲ ಎಸ್ ದೊಡ್ಡಕ್ಷರ, ಸಿಸ್ಟಮ್ ಖಾತೆ ಎಂದು. ದೊಡ್ಡ ಡಿ ಎಂದರೆ ಪಾಸ್‌ವರ್ಡ್ ಕೇಳಬೇಡ. ದೊಡ್ಡ ಎಚ್ ಎಂದರೆ ಹೋಮ್ ಫೋಲ್ಡರ್ ಬೇಡ. ಎರಡನೆಯ ಎಸ್ ಸಣ್ಣದು, ಅದು ಶೆಲ್. ಜಿ ದೊಡ್ಡದು, ಅದು ಗ್ರೂಪ್. ಡಯಲ್‌ಔಟ್ ಗ್ರೂಪ್ ಮೊದಲೇ ಇರಬೇಕು, ಸೀರಿಯಲ್ ಪೋರ್ಟಿನ ಫೈಲ್ ಆ ಗ್ರೂಪಿಗೆ ಸೇರಿರಬೇಕು. ಹೀಗೆ ಮಾಡಿದರೆ ಅಪ್ಲಿಕೇಶನ್‌ಗೆ ರೂಟ್ ಅಧಿಕಾರವೇ ಬೇಕಾಗುವುದಿಲ್ಲ.

ಒಂದು ಎಚ್ಚರಿಕೆ. ಪಾಸ್‌ಡಬ್ಲ್ಯೂಡಿ ಕಮಾಂಡಿನ -ಡಿ ಆಯ್ಕೆ ಖಾತೆಯನ್ನು ಮುಚ್ಚುವುದಿಲ್ಲ, ಪಾಸ್‌ವರ್ಡನ್ನು ಖಾಲಿ ಮಾಡುತ್ತದೆ! ಮುಚ್ಚಲು ಸಣ್ಣಕ್ಷರದ -ಎಲ್ ಬಳಸಿ.

ಬೋರ್ಡಿನಲ್ಲಿ ಕೈಯಿಂದ ಮಾಡಿದ್ದನ್ನು ಇಮೇಜ್‌ಗೆ ತರಲು, ಇಮೇಜ್ ಕಟ್ಟುವ ಉಪಕರಣವಾದ ಬಿಲ್ಡ್‌ರೂಟ್‌ನಲ್ಲಿ ಯೂಸರ್ ಟೇಬಲ್ ಇದೆ. ಒಬ್ಬ ಬಳಕೆದಾರನಿಗೆ ಒಂದು ಸಾಲು: ಹೆಸರು, ಯುಐಡಿ (ಬಳಕೆದಾರನ ಸಂಖ್ಯೆ), ಗ್ರೂಪ್, ಜಿಐಡಿ (ಗ್ರೂಪಿನ ಸಂಖ್ಯೆ), ಪಾಸ್‌ವರ್ಡ್, ಹೋಮ್, ಶೆಲ್, ಬೇರೆ ಗ್ರೂಪ್‌ಗಳು, ಟಿಪ್ಪಣಿ. ಯುಐಡಿ ಜಾಗದಲ್ಲಿ -1 ಕೊಟ್ಟರೆ ತಾನೇ ಆರಿಸುತ್ತದೆ. ಆದರೆ ಹಾಗೆ ಮಾಡಬೇಡಿ, ಸಂಖ್ಯೆಯನ್ನು ನೀವೇ ಬರೆಯಿರಿ. ಮುಂದಿನ ಬಿಲ್ಡ್‌ನಲ್ಲಿ ಹೊಸ ಪ್ಯಾಕೇಜ್ ಸೇರಿದರೆ ಸಂಖ್ಯೆಗಳು ಜರುಗಬಹುದು. ಆಗ ಡೇಟಾ ಪಾರ್ಟಿಶನ್‌ನಲ್ಲಿರುವ ಹಳೆಯ ಫೈಲುಗಳ ಮಾಲೀಕ ಬೇರೆ ಯಾರೋ ಆಗಿಬಿಡುತ್ತಾನೆ.

ಇಮೇಜ್ ಕಟ್ಟುವ ಇನ್ನೊಂದು ಉಪಕರಣ ಯೋಕ್ಟೋದಲ್ಲಿ 'ಎಕ್ಸ್‌ಟ್ರಾಯೂಸರ್ಸ್' ಎಂಬ ಕ್ಲಾಸ್ ಇದೆ, ಅಲ್ಲಿ ಯೂಸರ್‌ಮಾಡ್ ಕಮಾಂಡಿನಿಂದ ಹ್ಯಾಶ್ ಕೊಡಬಹುದು. ಹ್ಯಾಶ್‌ನ ಪ್ರತಿ ಡಾಲರ್ ಚಿಹ್ನೆಗೂ ಮೊದಲು ಒಂದು ಬ್ಯಾಕ್‌ಸ್ಲ್ಯಾಶ್ ಹಾಕಿ. ಇಲ್ಲದಿದ್ದರೆ ಶೆಲ್ ಅದನ್ನು ವೇರಿಯಬಲ್ ಎಂದುಕೊಂಡು ಹ್ಯಾಶ್ ಅನ್ನೇ ತುಂಡು ಮಾಡುತ್ತದೆ. ಹಳೆಯ ಯೋಕ್ಟೋ ಆವೃತ್ತಿಗಳಲ್ಲಿ 'ಡೀಬಗ್-ಟ್ವೀಕ್ಸ್' ಎಂಬ ಆಯ್ಕೆ ರೂಟ್ ಪಾಸ್‌ವರ್ಡನ್ನು ಖಾಲಿ ಬಿಡುತ್ತದೆ. ಉತ್ಪನ್ನದ ಬಿಲ್ಡ್‌ನಲ್ಲಿ ಅದು ಉಳಿದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ.

ಹೆಜ್ಜೆ 7: ಓದಲು ಮಾತ್ರ ಇರುವ ಫೈಲ್‌ಸಿಸ್ಟಮ್

ಕಷ್ಟದ ಭಾಗ ಇದು. ಬಹಳ ಉತ್ಪನ್ನಗಳಲ್ಲಿ ರೂಟ್ ಫೈಲ್‌ಸಿಸ್ಟಮ್ ಸ್ಕ್ವಾಶ್‌ಎಫ್‌ಎಸ್ ಆಗಿರುತ್ತದೆ. ಅಲ್ಲಿ ಬರೆಯಲು ಆಗುವುದಿಲ್ಲ. ಹಾಗಾದರೆ ಪಾಸ್‌ವರ್ಡ್ ಬದಲಿಸುವುದು ಹೇಗೆ?

ಮೊದಲು ಎಲ್ಲರಿಗೂ ಹೊಳೆಯುವುದು ಶ್ಯಾಡೋ ಫೈಲ್ ಒಂದನ್ನೇ ಡೇಟಾ ಪಾರ್ಟಿಶನ್‌ನಿಂದ ಬೈಂಡ್ ಮೌಂಟ್ ಮಾಡುವುದು, ಅಂದರೆ ಅಲ್ಲಿಯ ಫೈಲ್ ಇಟಿಸಿಯಲ್ಲಿ ಕಾಣುವಂತೆ ಮಾಡುವುದು. ಅದು ನಡೆಯುವುದಿಲ್ಲ. ಬಿಝಿಬಾಕ್ಸ್ ಶ್ಯಾಡೋವನ್ನು ಇದ್ದಲ್ಲೇ ತಿದ್ದುವುದಿಲ್ಲ. ಪಕ್ಕದಲ್ಲಿ ಹೆಸರಿನ ಕೊನೆಗೆ ಪ್ಲಸ್ ಚಿಹ್ನೆ ಇರುವ ಹೊಸ ಫೈಲ್ ಬರೆದು, ಅದನ್ನು ಹಳೆಯದರ ಜಾಗಕ್ಕೆ ರೀನೇಮ್ ಮಾಡುತ್ತದೆ. ಮಧ್ಯೆ ಕರೆಂಟ್ ಹೋದರೆ ಅರ್ಧ ಬರೆದ ಫೈಲ್ ಉಳಿಯಬಾರದು ಎಂಬ ಒಳ್ಳೆಯ ಉದ್ದೇಶ ಅದು. ಆದರೆ ಪಕ್ಕದ ಜಾಗವೂ ಬರೆಯುವಂತಿರಬೇಕು. ಇಟಿಸಿ ಹಾಗಿಲ್ಲ. ಇನ್ನು ಮೌಂಟ್ ಆದ ಫೈಲಿನ ಮೇಲೆ ರೀನೇಮ್ ಮಾಡಲು ಕರ್ನಲ್ ಬಿಡುವುದಿಲ್ಲ.

ಸಿಮ್‌ಲಿಂಕ್ (ಬೇರೆ ಜಾಗದ ಫೈಲನ್ನು ತೋರಿಸುವ ಲಿಂಕ್) ಆದರೆ ನಡೆಯುತ್ತದೆ. ಬಿಝಿಬಾಕ್ಸ್ ಮೊದಲು ಲಿಂಕ್ ಎಲ್ಲಿಗೆ ಹೋಗುತ್ತದೆ ಎಂದು ನೋಡಿ, ಅಲ್ಲೇ ಹೊಸ ಫೈಲ್ ಬರೆಯುತ್ತದೆ. ಡೇಟಾ ಪಾರ್ಟಿಶನ್ ಮೌಂಟ್ ಆಗದ ದಿನ ಶ್ಯಾಡೋ ಫೈಲೇ ಇರುವುದಿಲ್ಲ, ಯಾರೂ ಒಳಗೆ ಬರಲಾಗದು. ಅದು ಈ ದಾರಿಯ ಅಪಾಯ.

ಇನ್ನೊಂದು ದಾರಿ ಇಟಿಸಿ ಮೇಲೆ ಓವರ್‌ಲೇ, ಅಂದರೆ ಓದಲು ಮಾತ್ರ ಇರುವ ಫೋಲ್ಡರಿನ ಮೇಲೆ ಬರೆಯಬಹುದಾದ ಇನ್ನೊಂದು ಪದರ. ನಾನು ಇದನ್ನು ಬಳಸಿ ಎರಡು ಸಲ ಪಾಠ ಕಲಿತೆ. ಮೊದಲ ಸಲ ಓವರ್‌ಲೇಯ ಮೇಲಿನ ಪದರ ರ‍್ಯಾಮ್‌ನಲ್ಲಿತ್ತು. ಪಾಸ್‌ವರ್ಡ್ ಬದಲಾಯಿತು ಎಂದು ಬೋರ್ಡ್ ಹೇಳಿತು. ಮರುದಿನ ಕರೆಂಟ್ ಹೋಗಿ ಬಂದ ಮೇಲೆ ಹಳೆಯ ಪಾಸ್‌ವರ್ಡೇ ಮರಳಿತ್ತು. ಎರಡನೆಯ ಸಲ ಪದರವನ್ನು ಫ್ಲ್ಯಾಶ್‌ನಲ್ಲೇ ಇಟ್ಟೆ. ಅಪ್‌ಡೇಟ್‌ನಲ್ಲಿ ಹೊಸ ಸೇವೆ, ಅದಕ್ಕೊಂದು ಹೊಸ ಖಾತೆ ಸೇರಿಸಿದ್ದೆ. ಸೇವೆ ಏಳಲೇ ಇಲ್ಲ. ಗ್ರಾಹಕರು ತಮ್ಮದೇ ಒಂದು ಖಾತೆ ಸೇರಿಸಿದ ದಿನವೇ ಹಳೆಯ ಫೈಲುಗಳು ಮೇಲಿನ ಪದರಕ್ಕೆ ನಕಲಾಗಿ ಕೂತಿದ್ದವು. ಹೊಸ ಇಮೇಜ್‌ನ ಫೈಲುಗಳನ್ನು ಅವು ಮುಚ್ಚಿಬಿಟ್ಟಿದ್ದವು.

ಅದಕ್ಕೆ ಈಗ ನಾನು ಮಾಡುವುದು ಹೀಗೆ. ಪಾಸ್‌ಡಬ್ಲ್ಯೂಡಿ ಮತ್ತು ಗ್ರೂಪ್ ಇಮೇಜ್‌ನಲ್ಲೇ, ಓದಲು ಮಾತ್ರ. ಶ್ಯಾಡೋ ಮಾತ್ರ ರ‍್ಯಾಮ್‌ನಲ್ಲಿರುವ ರನ್ ಫೋಲ್ಡರಿನೊಳಗಿನ ಒಂದು ಉಪಫೋಲ್ಡರಿಗೆ ಸಿಮ್‌ಲಿಂಕ್. ಬೂಟ್ ಆಗುವಾಗ ಒಂದು ಸ್ಕ್ರಿಪ್ಟ್ ಇಮೇಜ್‌ನ ಮೂಲ ಶ್ಯಾಡೋವನ್ನು ಅಲ್ಲಿಗೆ ನಕಲು ಮಾಡಿ, 600 ಅನುಮತಿ ಕೊಡುತ್ತದೆ. ಆಮೇಲೆ ಡೇಟಾ ಪಾರ್ಟಿಶನ್‌ನಲ್ಲಿ ಟೆಕ್ನೀಷಿಯನ್ ಖಾತೆಯ ಹ್ಯಾಶ್ ಇರುವ ಒಂದು ಸಣ್ಣ ಫೈಲನ್ನು 'ಸಿಎಚ್‌ಪಾಸ್‌ಡಬ್ಲ್ಯೂಡಿ -ಇ' ಕಮಾಂಡಿಗೆ ಕೊಡುತ್ತದೆ. -ಇ ಎಂದರೆ ಬಂದಿರುವುದು ಹ್ಯಾಶ್, ಹಾಗೇ ಬರೆ ಎಂದು. ಪಾಸ್‌ವರ್ಡ್ ಬದಲಿಸಲು ಇನ್ನೊಂದು ಸ್ಕ್ರಿಪ್ಟ್, ಅದು ಬದಲಾದ ಹ್ಯಾಶ್ ಅನ್ನು ಡೇಟಾ ಪಾರ್ಟಿಶನ್‌ಗೂ ಬರೆಯುತ್ತದೆ. ಇಮೇಜ್ ಬದಲಾದರೆ ಖಾತೆಗಳು ಬದಲಾಗುತ್ತವೆ, ಗ್ರಾಹಕರ ಪಾಸ್‌ವರ್ಡ್ ಉಳಿಯುತ್ತದೆ.

ಹೆಜ್ಜೆ 8: ನೆಟ್‌ವರ್ಕ್ ಬಾಗಿಲು

ಟೆಲ್ನೆಟ್ (ಗೂಢಲಿಪಿ ಇಲ್ಲದ ಹಳೆಯ ದೂರ-ಲಾಗಿನ್ ವಿಧಾನ) ಸರ್ವರ್ ಅನ್ನು ಇಮೇಜ್‌ನಿಂದ ತೆಗೆದುಬಿಡಿ. 2016ರ ಮಿರಾಯ್ ದಾಳಿ ನೆನಪಿದೆ ಅಲ್ವಾ? 60ಕ್ಕೂ ಹೆಚ್ಚು ಡೀಫಾಲ್ಟ್ ಹೆಸರು-ಪಾಸ್‌ವರ್ಡ್ ಜೋಡಿಗಳ ಒಂದು ಪಟ್ಟಿ ಇಟ್ಟುಕೊಂಡು, ಟೆಲ್ನೆಟ್ ಮೂಲಕ ಕ್ಯಾಮೆರಾ, ರೂಟರ್‌ಗಳನ್ನು ಅದು ಹಿಡಿಯುತ್ತ ಹೋಯಿತು. ಒಳಗೆ ಹೊಕ್ಕ ಮೇಲೆ ಅದು ಓಡಿಸುತ್ತಿದ್ದುದೂ ಬಿಝಿಬಾಕ್ಸ್ ಕಮಾಂಡನ್ನೇ. ಅಕ್ಟೋಬರ್ 21ರಂದು ಡೈನ್ ಎಂಬ ಡಿಎನ್‌ಎಸ್ (ವೆಬ್‌ಸೈಟ್ ಹೆಸರಿನಿಂದ ವಿಳಾಸ ಹುಡುಕಿಕೊಡುವ ಸೇವೆ) ಕಂಪನಿಯ ಮೇಲೆ ಆ ಸಾಧನಗಳಿಂದ ದಾಳಿ ನಡೆದು, ದೊಡ್ಡ ದೊಡ್ಡ ವೆಬ್‌ಸೈಟ್‌ಗಳು ಗಂಟೆಗಟ್ಟಲೆ ಸಿಗಲಿಲ್ಲ.

ಎಸ್‌ಎಸ್‌ಎಚ್‌ಗೆ (ಗೂಢಲಿಪಿಯಲ್ಲಿ ನಡೆಯುವ ದೂರ-ಲಾಗಿನ್) ಡ್ರಾಪ್‌ಬೇರ್ ಎಂಬ ಸಣ್ಣ ಸರ್ವರ್ ಸಾಕು. -ಡಬ್ಲ್ಯೂ ಕೊಟ್ಟರೆ ರೂಟ್ ಲಾಗಿನ್ ಬಂದ್. ಸಣ್ಣ -ಎಸ್ ಕೊಟ್ಟರೆ ಪಾಸ್‌ವರ್ಡ್ ಲಾಗಿನ್ ಪೂರ್ತಿ ಬಂದ್, ಕೀ ಮಾತ್ರ ನಡೆಯುತ್ತದೆ. ಎರಡನ್ನೂ ಹಾಕಿ. ಕೀ ಇದ್ದರೂ ಒಳಗೆ ಬಿಡದಿದ್ದರೆ ಎರಡು ಕಡೆ ನೋಡಿ. ಹೋಮ್ ಫೋಲ್ಡರ್, ಅದರೊಳಗಿನ ಡಾಟ್ ಎಸ್‌ಎಸ್‌ಎಚ್ ಫೋಲ್ಡರ್, ಕೀ ಫೈಲ್, ಇವನ್ನು ಬೇರೆಯವರು ಬರೆಯುವಂತಿರಬಾರದು. ಇಟಿಸಿಯ ಶೆಲ್ಸ್ ಫೈಲಿನಲ್ಲಿ ಆ ಬಳಕೆದಾರನ ಶೆಲ್ ಇರಬೇಕು.

ಓಪನ್‌ಎಸ್‌ಎಸ್‌ಎಚ್ ಬಳಸುವವರಿಗೆ, ಆಗ ಹೇಳುತ್ತೇನೆ ಎಂದ ವ್ಯತ್ಯಾಸ ಇಲ್ಲಿದೆ. ದೊಡ್ಡಕ್ಷರದ -ಡಿ ಕೊಟ್ಟು ಆಡ್‌ಯೂಸರ್ ಮಾಡಿದ ಖಾತೆಯ ಹ್ಯಾಶ್ ಜಾಗದಲ್ಲಿ ಆಶ್ಚರ್ಯ ಚಿಹ್ನೆ ಇರುತ್ತದೆ. ಪ್ಯಾಮ್ ಇಲ್ಲದ ಓಪನ್‌ಎಸ್‌ಎಸ್‌ಎಚ್ ಅದನ್ನು 'ಖಾತೆ ಲಾಕ್ ಆಗಿದೆ' ಎಂದು ಓದಿ, ಸರಿಯಾದ ಕೀ ಇದ್ದರೂ ಒಳಗೆ ಬಿಡುವುದಿಲ್ಲ. ಆ ಜಾಗದಲ್ಲಿ ನಕ್ಷತ್ರ ಹಾಕಿ. ಪಾಸ್‌ವರ್ಡ್ ಬೇಡ, ಕೀ ಇರಲಿ ಎಂಬ ಅರ್ಥ ಅದರಿಂದ ಬರುತ್ತದೆ.

ಹೆಜ್ಜೆ 9: ಪ್ರತಿ ಸಾಧನಕ್ಕೂ ಬೇರೆ ಪಾಸ್‌ವರ್ಡ್

ಸಾವಿರ ಬೋರ್ಡ್‌ಗೆ ಒಂದೇ ಪಾಸ್‌ವರ್ಡ್ ಇಡುವುದು ಈಗ ಕೆಲವು ದೇಶಗಳಲ್ಲಿ ಕಾನೂನಿಗೂ ವಿರುದ್ಧ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಗ್ರಾಹಕರಿಗೆ ಮಾರುವ ಸಂಪರ್ಕಿತ ಸಾಧನಗಳಿಗೆ ಈ ನಿಯಮ ಬಂದಿದೆ. ಪಾಸ್‌ವರ್ಡ್ ಪ್ರತಿ ಸಾಧನಕ್ಕೂ ಬೇರೆ ಇರಬೇಕು, ಇಲ್ಲವೇ ಗ್ರಾಹಕರೇ ಇಡಬೇಕು. ಕ್ಯಾಲಿಫೋರ್ನಿಯಾದಲ್ಲಿ 2020ರಿಂದಲೇ ಇಂಥ ಕಾನೂನಿದೆ. ರಾಸ್ಪ್‌ಬೆರಿ ಪೈ ಕೂಡ 2022ರ ಏಪ್ರಿಲ್‌ನಲ್ಲಿ ತನ್ನ ಹಳೆಯ ಡೀಫಾಲ್ಟ್ ಖಾತೆಯನ್ನು ಕೈಬಿಟ್ಟಿತು.

ಫ್ಯಾಕ್ಟರಿಯಲ್ಲಿ ಪರೀಕ್ಷೆ ಮಾಡುವ ಕಂಪ್ಯೂಟರಿನಲ್ಲೇ ಯಾದೃಚ್ಛಿಕ ಪಾಸ್‌ವರ್ಡ್ ಮಾಡಿ, ಲೇಬಲ್ ಅಚ್ಚು ಮಾಡಿ, ಹ್ಯಾಶ್ ಮಾತ್ರ ಬೋರ್ಡಿನ ಡೇಟಾ ಪಾರ್ಟಿಶನ್‌ಗೆ ಬರೆಯಿರಿ. ಮ್ಯಾಕ್ ವಿಳಾಸದಿಂದಲೋ ಸೀರಿಯಲ್ ನಂಬರಿನಿಂದಲೋ ಪಾಸ್‌ವರ್ಡ್ ಹುಟ್ಟಿಸಬೇಡಿ. ಮ್ಯಾಕ್ ವಿಳಾಸ ಅದೇ ನೆಟ್‌ವರ್ಕ್‌ನಲ್ಲಿರುವ ಎಲ್ಲರಿಗೂ ಕಾಣುತ್ತದೆ.

ಒಳಗೆ ಹೋಗಲು ಆಗದಿದ್ದಾಗ

ಕರ್ನಲ್‌ಗೂ ಮೊದಲು ಓಡುವ ಬೂಟ್‌ಲೋಡರ್ ಯೂ-ಬೂಟ್‌ನಲ್ಲಿ ಎಣಿಕೆ ನಡೆಯುವಾಗ ಕೀ ಒತ್ತಿ ನಿಲ್ಲಿಸಿ. ಬೂಟ್ ಆರ್ಗ್ಯುಮೆಂಟ್‌ಗಳ ಕೊನೆಗೆ 'ಇನಿಟ್=/ಬಿನ್/ಎಸ್‌ಎಚ್' ಸೇರಿಸಿ ಬೂಟ್ ಮಾಡಿ. ಇನಿಟ್, ಗೆಟ್ಟಿ, ಲಾಗಿನ್ ಯಾವುದೂ ಇಲ್ಲದೆ ನೇರ ಶೆಲ್ ಸಿಗುತ್ತದೆ. ಫೈಲ್‌ಸಿಸ್ಟಮ್ ಬರೆಯುವಂಥದ್ದಾದರೆ ಅದನ್ನು ಬರೆಯುವಂತೆ ರೀಮೌಂಟ್ ಮಾಡಿ, ತಪ್ಪನ್ನು ತಿದ್ದಿ, 'ಸಿಂಕ್' ಕೊಟ್ಟು, 'ರೀಬೂಟ್ -ಎಫ್' ಮಾಡಿ. ಹುಡುಕುವಾಗ ಕೊಂಡಿಗಳ ಸಾಲಿನಲ್ಲೇ ಹೋಗಿ. ಲಾಗಿನ್ ಎಂಬ ಸಾಲೇ ಬರಲಿಲ್ಲವೆ? ಇನಿಟ್‌ಟ್ಯಾಬ್ ನೋಡಿ. ಪಾಸ್‌ವರ್ಡ್ ಕೇಳಲಿಲ್ಲವೆ? ಸೆಕ್ಯೂರ್‌ಟಿಟಿವೈ. ಕೇಳಿಯೂ ಒಪ್ಪಲಿಲ್ಲವೆ? ಶ್ಯಾಡೋದ ಸಾಲು, ಹ್ಯಾಶ್‌ನ ಜಾತಿ. ಒಪ್ಪಿಯೂ ಮತ್ತೆ ಲಾಗಿನ್‌ಗೇ ಬಂತೆ? ಶೆಲ್‌ನ ದಾರಿ.

ನಿಮಗೆ ತೆರೆದ ಈ ಹಿಂಬಾಗಿಲು ಸೀರಿಯಲ್ ಕೇಬಲ್ ಇರುವ ಯಾರಿಗಾದರೂ ತೆರೆಯುತ್ತದೆ. ಹಾಗಾಗಿ ಉತ್ಪನ್ನದ ಬಿಲ್ಡ್‌ನಲ್ಲಿ ಯೂ-ಬೂಟ್‌ನ 'ಬೂಟ್‌ಡಿಲೇ' ಅನ್ನು -2 ಮಾಡಿ. ಆಗ ಅದು ಕೀ ಒತ್ತಿದ್ದನ್ನು ನೋಡದೆ ನೇರ ಬೂಟ್ ಆಗುತ್ತದೆ. ಆದರೆ ಅದಕ್ಕೆ ಮುಂಚೆ, ಅದೇ ಇಮೇಜ್ ಹಾಕಿದ ಒಂದು ಬೋರ್ಡಿನಲ್ಲಿ ಟೆಕ್ನೀಷಿಯನ್ ಖಾತೆಯಿಂದ ಸೀರಿಯಲ್‌ನಲ್ಲೂ ಎಸ್‌ಎಸ್‌ಎಚ್‌ನಲ್ಲೂ ಲಾಗಿನ್ ಆಗಿ ನೋಡಿ. ಕರೆಂಟ್ ತೆಗೆದು ಹಾಕಿ, ಇನ್ನೊಮ್ಮೆ ನೋಡಿ.